ಇಂಟಿಗ್ರೇಷನ್ ಟೆಸ್ಟಿಂಗ್, ಅಕ್ಸೆಪ್ಟೆನ್ಸ್ ಟೆಸ್ಟಿಂಗ್: ಆಯ್ಕೆಯ ಚರಿತ್ರೆ

ಬೇರೆ ಬೇರೆ ಕೈಗಳು ಬರೆದ ತಂತ್ರಾಂಶದ ಭಾಗಗಳು ಕೂಡಿಸಿದಾಗ ಹೊಂದಿಕೊಂಡು ನಡೆಯುತ್ತವೆಯೇ ಎಂದು ನೋಡುವುದು ಇಂಟಿಗ್ರೇಷನ್ ಟೆಸ್ಟಿಂಗ್. ಕೆಲಸ ಒಪ್ಪಿಸಿದ ಗ್ರಾಹಕ ತನಗೆ ಬೇಕಾದದ್ದೇ ಸಿಕ್ಕಿತೇ ಎಂದು ನೋಡುವುದು ಅಕ್ಸೆಪ್ಟೆನ್ಸ್ ಟೆಸ್ಟಿಂಗ್. ಗಡುವು ಹತ್ತಿರವಾದಾಗ ಯಾವುದನ್ನು ಕೈಬಿಡುವುದು ಎಂಬ ಪ್ರಶ್ನೆ ಇಂದಿಗೂ ಏಳುತ್ತದೆ.

ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಸಾಫ್ಟ್‌ವೇರ್ ಟೆಸ್ಟಿಂಗ್’ ಇವೆರಡರ ಗಡಿಯನ್ನು ಸ್ಪಷ್ಟಪಡಿಸಿತು. ಎಲ್ಲ ಭಾಗಗಳನ್ನೂ ಕೊನೆಗೆ ಒಮ್ಮೆಲೇ ಜೋಡಿಸುವುದಕ್ಕಿಂತ ಒಂದೊಂದಾಗಿ ಸೇರಿಸುತ್ತ ಪರೀಕ್ಷಿಸುವುದು ಮೇಲೆಂದು ಅವರು ವಾದಿಸಿದರು. ಅಕ್ಸೆಪ್ಟೆನ್ಸ್ ಟೆಸ್ಟಿಂಗ್ ಸಾಮಾನ್ಯವಾಗಿ ಗ್ರಾಹಕರ ಹೊಣೆಯೆಂದರು.

ಜೋಡಣೆಯ ಪರೀಕ್ಷೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಏರಿಯಾನ್ 5 ರಾಕೆಟ್‌ಗಿಂತ ದೊಡ್ಡ ಸಾಕ್ಷಿ ಬೇಡ. ಅದರ ದಿಕ್ಕು ಮತ್ತು ಚಲನೆ ಅಳೆಯುವ ಘಟಕದ ತಂತ್ರಾಂಶ ಏರಿಯಾನ್ 4ರಲ್ಲಿ ಪಳಗಿದ್ದು. ಹಳೆಯದು ಸರಿಯಾಗಿ ನಡೆದಿದೆಯಲ್ಲ ಎಂಬ ಭರವಸೆಯಿಂದ, ಹಾರಾಟದ ಅಣಕು ಪರೀಕ್ಷೆಗಳಲ್ಲಿ ನಿಜವಾದ ಘಟಕವನ್ನು ಜೋಡಿಸದೆ ಅದರ ಬದಲಿಗೆ ಸಿಮ್ಯುಲೇಷನ್ ಬಳಸಿದರು. ಹೊಸ ರಾಕೆಟ್‌ನ ಅಡ್ಡ ವೇಗವಾದರೋ ಬಹಳ ಹೆಚ್ಚು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂದಿಂದ ಮೇಲೇರಿದಾಗ ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಸಂಖ್ಯೆ 16 ಬಿಟ್‌ಗಳಲ್ಲಿ ಹಿಡಿಸಲಿಲ್ಲ. ಘಟಕ ಕೈಕೊಟ್ಟು ದಿಕ್ಕು ತಪ್ಪಿದ ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ನಾಲ್ಕು ಕ್ಲಸ್ಟರ್ ಉಪಗ್ರಹಗಳೊಂದಿಗೆ ಸಿಡಿಯಿತು. ಘಟಕದ ನಿರ್ದಿಷ್ಟತೆಯಲ್ಲಿ ಏರಿಯಾನ್ 5ರ ಪಥದ ವಿವರವೇ ಇರಲಿಲ್ಲ ಎಂದು ಜಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ವರದಿ ಮಾಡಿತು. ಬೇಕಾದದ್ದನ್ನು ಬರೆದಿಡದಿದ್ದದ್ದು ಮೊದಲ ತಪ್ಪು, ಕೂಡಿಸಿ ನೋಡದಿದ್ದದ್ದು ಎರಡನೆಯದು. ಒಂದು ಪರೀಕ್ಷೆ ಇನ್ನೊಂದರ ಕೆಲಸ ಮಾಡುವುದಿಲ್ಲವೆಂಬುದು ಇಲ್ಲಿ ಅಂಗೈ ಹುಣ್ಣಿನಷ್ಟೇ ಸ್ಪಷ್ಟ.

ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ರಚನೆಯ ವಿಧಾನ ಗ್ರಾಹಕನ ಪರೀಕ್ಷೆಯನ್ನು ಕೊನೆಯ ಹಂತದಿಂದ ಕೆಲಸದ ನಡುವಿಗೇ ತಂದಿತು. ವಾರ್ಡ್ ಕನಿಂಗ್‌ಹ್ಯಾಮ್ 2002ರಲ್ಲಿ ರೂಪಿಸಿದ ‘ಫಿಟ್’ ಎಂಬ ಸಾಧನದಿಂದ ಪ್ರೋಗ್ರಾಮಿಂಗ್ ತಿಳಿಯದವರೂ ಕೋಷ್ಟಕಗಳಲ್ಲಿ ಪರೀಕ್ಷೆ ಬರೆಯುವಂತಾಯಿತು. ಸ್ಟೀವ್ ಫ್ರೀಮನ್ ಮತ್ತು ನ್ಯಾಟ್ ಪ್ರೈಸ್ 2009ರ ತಮ್ಮ ಪುಸ್ತಕದಲ್ಲಿ, ನಾವು ಬದಲಿಸಲಾಗದ ಹೊರಗಿನ ಕೋಡ್‌ಗೆ ನಮ್ಮದು ಕೂಡುವ ಕಡೆ ಇಂಟಿಗ್ರೇಷನ್ ಟೆಸ್ಟ್, ಇಡೀ ವ್ಯವಸ್ಥೆಯ ನಡೆಗೆ ಅಕ್ಸೆಪ್ಟೆನ್ಸ್ ಟೆಸ್ಟ್ ಎಂದು ಹಂಚಿದರು. ಪ್ರಾಯೋಗಿಕವಾಗಿ ಇದೇ ಅತ್ಯುತ್ತಮ ಅಳತೆಗೋಲು.

2008ರಲ್ಲಿ ಬಂದ ‘ಕುಕುಂಬರ್’ ಎಂಬ ಸಾಧನದಲ್ಲಿ ಅಕ್ಸೆಪ್ಟೆನ್ಸ್ ಪರೀಕ್ಷೆಗಳನ್ನು ಆಡುಮಾತಿಗೆ ಹತ್ತಿರವಾದ ವಾಕ್ಯಗಳಲ್ಲೇ ಬರೆಯಬಹುದು. ಅದು ಒಪ್ಪುವ ಭಾಷೆಗಳಲ್ಲಿ ಕನ್ನಡವೂ ಇದೆ: ‘ಮತ್ತು’, ‘ಆದರೆ’, ‘ನಂತರ’ ಅದರ ಸೂಚಕ ಪದಗಳು.