ಮೀಸಲಿಡು: ದೇವರ ಪಾಲಿಂದ ಸರ್ಕಾರಿ ಕೆಲಸದವರೆಗೆ

ಇವತ್ತು ಒಂದೇ ಒಂದು ಕ್ರಿಯಾಪದದ ಕಥೆ: ಮೀಸಲಿಡು.

ಕಾಮರ್ಸ್ ಓದಿದವರಿಗೆ 'ಮೀಸಲು ನಿಧಿ' ಗೊತ್ತಿರುತ್ತೆ. ಷೇರುದಾರರಿಗೆ ಲಾಭ ಹಂಚೋ ಮೊದಲೇ ಕಂಪನಿ ಒಂದು ಭಾಗ ತೆಗೆದಿಡುತ್ತಲ್ಲ, ಅದೇ. ಆದರೆ ಈ ಪದ ಬ್ಯಾಲೆನ್ಸ್ ಶೀಟಿಗೆ ಬಂದಿದ್ದು ದೇವರ ಮನೆಯಿಂದ.

ಹಳ್ಳಿಮನೆಗಳಲ್ಲಿ ಮೀಸಲು ಹಾಲು, ಮೀಸಲು ಬೆಣ್ಣೆ ಅಂತಾರೆ. ದೇವರಿಗೆ ಅಂತ ಬೇರೆ ಇಟ್ಟ ಪಾಲು. ಅದನ್ನ ಯಾರೂ ರುಚಿ ನೋಡೋ ಹಾಗಿಲ್ಲ. ನೋಡಿದರೆ ಅದು ಎಂಜಲು, ಮೀಸಲಿಗೆ ನೇರ ವಿರುದ್ಧ. ಎಲ್ಲರೂ ಉಂಡು ಮಿಕ್ಕಿದ್ದನ್ನ ಕೊಟ್ಟರೆ ಅದು ಮೀಸಲಾಗಲ್ಲ. ಮೊದಲೇ ತೆಗೆದಿಡಬೇಕು. ಈ ಪದದ ಜೀವ ಇರೋದೇ ಅಲ್ಲಿ.

ಇದಕ್ಕೊಂದು ಕಹಿ ಮುಖವೂ ಇದೆ. 'ಮಡಿ-ಮೀಸಲು' ಅನ್ನೋ ಹೆಸರಲ್ಲೇ ಎಷ್ಟೋ ಜನರಿಗೆ 'ಮುಟ್ಟಬೇಡ, ಒಳಗೆ ಬರಬೇಡ' ಅಂದಿದ್ದು. ವಸ್ತುವಿನ ಪಾವಿತ್ರ್ಯ ಕಾಯೋಕೆ ಮನುಷ್ಯರನ್ನ ಹೊರಗಿಟ್ಟರು.

ಬ್ರಿಟಿಷರ 1878ರ ಅರಣ್ಯ ಕಾಯ್ದೆಯಲ್ಲಿ ಒಂದು ವರ್ಗದ ಕಾಡನ್ನ ಸರ್ಕಾರ ತನಗೇ ಅಂತ ತೆಗೆದಿಟ್ಟುಕೊಂಡಿತು. ನಾವದನ್ನ 'ಮೀಸಲು ಅರಣ್ಯ' ಅಂತೀವಿ. ದೇವರ ಜಾಗಕ್ಕೆ ಸರ್ಕಾರ ಬಂತು. ಹೊರಗುಳಿದವರು ಕಾಡನ್ನೇ ನಂಬಿದ್ದ ಜನ.

ಈಗ ಮೈಸೂರಿಗೆ ಬರೋಣ. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದ ಕಾಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ, ಅವರು ಹುದ್ದೆ ಬಿಟ್ಟರು. ಸಮಿತಿ ಹೇಳಿದ್ದು: 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ವರ್ಗಗಳಿಗೆ ಸಿಗಬೇಕು. 1921ರಲ್ಲಿ ಸರ್ಕಾರಿ ಆದೇಶವೂ ಬಂತು.

ಇಂಥ ವ್ಯವಸ್ಥೆಗೆ ಇವತ್ತು ನಾವು ಬಳಸೋ ಪದ 'ಮೀಸಲಾತಿ'. ಯಾವ ಪದ ಜನರನ್ನ ಬಾಗಿಲಾಚೆ ನಿಲ್ಲಿಸಿತ್ತೋ, ಅದೇ ಪದದಿಂದ ಹುಟ್ಟಿದ ಪದ ಅವರನ್ನ ಒಳಗೆ ಕರೆಯಿತು.

ಕಾಲೇಜ್ ಕ್ಯಾಂಟೀನಲ್ಲಿ 'ಮೀಸಲಾತಿ ಅಂದ್ರೆ ಬಿಟ್ಟಿ ಸೀಟು' ಅಂತ ಯಾರಾದ್ರೂ ಅಂದರೆ ಈ ಪದದ ಹುಟ್ಟು ನೆನಪಿಸಿ. ಮೀಸಲು ಭಿಕ್ಷೆಯಲ್ಲ, ಮಿಕ್ಕಿದ್ದೂ ಅಲ್ಲ. ಊಟಕ್ಕೆ ಕೂರೋ ಮೊದಲೇ ತೆಗೆದಿಟ್ಟ ಪಾಲು. ಅದಕ್ಕೆ ಕೈ ಹಾಕಬಾರದು ಅನ್ನೋದು ನಮ್ಮಜ್ಜಿಯಂದಿರಿಗೂ ಗೊತ್ತಿತ್ತು.

ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಪದದ ಜೊತೆ ಸಿಗೋಣ.