ಟ್ರಂಕಿನ ತಳದ ಕಾಗದ

ಪ್ರವೇಶದ ದಿನಗಳಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನ ಸೂಚನಾ ಫಲಕಕ್ಕೆ ಒಂದು ಪಟ್ಟಿ ಅಂಟಿಸುತ್ತಾರೆ. ಹಾಸಿಗೆ, ಹೊದಿಕೆ, ತಟ್ಟೆ, ಲೋಟ, ಬಕೆಟ್, ಬೀಗ, ಭಾವಚಿತ್ರಗಳು. ಕೊನೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹೊಸಬರು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುತ್ತಾರೆ. ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಮಾತ್ರ ಕೊನೆಯ ಸಾಲಿನ ಬಗ್ಗೆ ಕುತೂಹಲ. ಬಕೆಟ್, ಬೀಗಗಳ ಜೊತೆಗೆ ಜಾತಿ ಬಂದು ಸೇರಿಕೊಂಡದ್ದು ಹೇಗೆ?

ನಿಜ ಹೇಳಬೇಕೆಂದರೆ ಅದು ಆಮೇಲೆ ಸೇರಿದ್ದಲ್ಲ, ಮೊದಲಿನಿಂದಲೂ ಇದ್ದದ್ದು. ಹಾಸ್ಟೆಲ್ಲುಗಳು ವಿರಳವಾಗಿದ್ದ ಕಾಲದಲ್ಲಿ ಮೈಸೂರಿಗೋ ಧಾರವಾಡಕ್ಕೋ ಓದಲು ಬಂದ ಬಡ ಹುಡುಗನ ಗಂಟಿನಲ್ಲಿ ಎರಡು ಪಂಚೆ, ಒಂದು ಚೊಂಬು, ನಾಲ್ಕು ಪುಸ್ತಕ ಇದ್ದರೆ ಹೆಚ್ಚು. ಊಟಕ್ಕೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ವಾರಕ್ಕೆ ಏಳು ಮನೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಆ ಹಸಿವು, ಆ ಸಂಕೋಚ ನಮ್ಮ ಎಷ್ಟೋ ಆತ್ಮಕಥೆಗಳಲ್ಲಿದೆ. ಆದರೆ ಆ ಏಳು ಬಾಗಿಲುಗಳು ತೆರೆಯುತ್ತಿದ್ದದ್ದು ಬಹುತೇಕ ಬ್ರಾಹ್ಮಣ ಹುಡುಗರಿಗೆ. ಉಳಿದವರು ಚೊಂಬು ಹಿಡಿದು ಬಂದರೂ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ಪ್ರಮಾಣಪತ್ರ ಎಂಬುದು ಇರಲಿಲ್ಲ, ಅದರ ಕೆಲಸವನ್ನು ಹೆಸರು, ಊರು, ಮೈಮೇಲಿನ ಜನಿವಾರ ಮಾಡುತ್ತಿದ್ದವು.

ಇದಕ್ಕೆ ಉತ್ತರವಾಗಿಯೇ ವಿದ್ಯಾರ್ಥಿನಿಲಯಗಳು ಹುಟ್ಟಿದವು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮರಾಠ, ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳಿಗೆ ಒಂದೊಂದಾಗಿ ಬೋರ್ಡಿಂಗುಗಳನ್ನು ತೆರೆಯಿಸಿದರು. ಮೈಸೂರು ಸಂಸ್ಥಾನದಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಬೇರೆ ಸಮುದಾಯಗಳೂ ಸಂಘ ಕಟ್ಟಿದವು, ಮಠಗಳು ಅನ್ನ ಹಾಕಿದವು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಕೆಲಸ ಬೇಕಾದರೆ ಓದಬೇಕು, ಓದಬೇಕಾದರೆ ಪಟ್ಟಣದಲ್ಲಿ ತಂಗಬೇಕು. ಹಾಗಾಗಿ ಹಾಸ್ಟೆಲ್ ರಾಜಕಾರಣದ ವಿಷಯವೂ ಆಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳ ಓದಿಗಾಗಿ ದುಡಿದರು. ಅಯ್ಯರ್ ಹೆಸರಿನ ಹಾಸ್ಟೆಲ್ಲಿನ ದಿನಗಳು ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬರುತ್ತವೆ.

ಈ ನಿಲಯಗಳಿಗೂ ಒಂದು ಮಿತಿ ಇತ್ತು. ಒಂದೊಂದು ಜಾತಿಗೆ ಒಂದೊಂದು ಸೂರು. ಊರಿನ ಕೇರಿಗಳೇ ಪಟ್ಟಣದಲ್ಲಿ ಕಟ್ಟಡಗಳಾದವು. ಸಂಘ, ಮಠ ಇಲ್ಲದ ಸಣ್ಣ ಸಮುದಾಯಗಳಿಗೆ ಅದೂ ಇಲ್ಲ. 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ ಸರ್ಕಾರಿ ಹಾಸ್ಟೆಲ್ಲುಗಳು ಹೆಚ್ಚಿದವು. ಸಮುದಾಯದ ಮುಖಂಡರ ಶಿಫಾರಸಿಲ್ಲದೆ ಒಂದು ಕಾಗದ ತೋರಿಸಿ ಒಳಹೋಗುವುದು ಹೆಚ್ಚು ಜನರಿಗೆ ಸಾಧ್ಯವಾಯಿತು. ಹಿಂದೆ ಯಾವ ಗುರುತಿಗೆ ಬಾಗಿಲು ಮುಚ್ಚುತ್ತಿತ್ತೋ ಈಗ ಅದೇ ಗುರುತಿಗೆ ಮಂಚ, ಊಟ ಸಿಗತೊಡಗಿತು.

ನಾನು ಪದವಿ ಓದಿದ್ದು ಅಂಥದೊಂದು ಹಾಸ್ಟೆಲ್ಲಿನಲ್ಲಿ. ಅವ್ವ ಟ್ರಂಕಿಗೆ ಶೇಂಗಾ ಚಟ್ನಿಪುಡಿ, ರೊಟ್ಟಿ, ಕೌದಿ ತುಂಬಿದಳು. ಅಪ್ಪ ತಹಶೀಲ್ದಾರ್ ಕಚೇರಿಗೆ ನಾಲ್ಕು ಸಲ ಅಲೆದು ತಂದ ಪ್ರಮಾಣಪತ್ರವನ್ನು ತಳದಲ್ಲಿ, ಹಳೆಯ ಪತ್ರಿಕೆಯ ಕೆಳಗೆ ಇಟ್ಟ. ಬೆಲೆಬಾಳುವ ವಸ್ತು ಎಂದೋ, ಯಾರ ಕಣ್ಣಿಗೂ ಬೀಳಬಾರದೆಂದೋ, ಆಗ ಕೇಳಲಿಲ್ಲ. ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಕೋಣೆಯ ಗೆಳೆಯರು ಚಹಾ ಕುಡಿಯುತ್ತ ‘ನಿಂದು ಯಾವ ಕೆಟಗರಿ?’ ಎಂದು ಕೇಳುವುದನ್ನು ಕಂಡಾಗ ಎರಡೂ ಇದ್ದೀತು ಅನ್ನಿಸಿತು. ಆ ಪ್ರಶ್ನೆಗೆ ಉತ್ತರಿಸದೆ ಎದ್ದುಹೋಗುವವರು ಈಗಲೂ ಇದ್ದಾರೆ.

ಹಾಸ್ಟೆಲ್ಲಿನ ಪಟ್ಟಿಯನ್ನು ಹೀಗೂ ಓದಬಹುದು: ಸಂಸ್ಥೆ ಏನನ್ನು ಕೊಡುವುದಿಲ್ಲವೋ ಅದನ್ನು ನಾವು ಹೊತ್ತು ತರಬೇಕು. ಮಂಚ ಕೊಟ್ಟಾಗ ಚಾಪೆ ಪಟ್ಟಿಯಿಂದ ಬಿತ್ತು, ಮೆಸ್ ಬಂದಾಗ ಅಕ್ಕಿ-ಬೇಳೆಯ ಗಂಟು ಬಿತ್ತು. ಕಾಗದ ತೋರಿಸುವಾಗ ತಲೆ ತಗ್ಗಿಸದಿರುವ ಧೈರ್ಯವನ್ನು ಇನ್ನೂ ಮನೆಯಿಂದಲೇ ತರಬೇಕಾಗಿದೆ.

ಈ ವರ್ಷ ಬರುವವರಿಗೆ ನನ್ನ ಸಲಹೆ ಇಷ್ಟೇ. ಬಕೆಟ್ ಇಲ್ಲೇ ಸಿಗುತ್ತದೆ, ಹೊತ್ತು ತರಬೇಡಿ. ಬೀಗ ಗಟ್ಟಿಯದು ಇರಲಿ. ಪ್ರಮಾಣಪತ್ರದ ನಾಲ್ಕು ಜೆರಾಕ್ಸ್ ಮಾಡಿಸಿಕೊಳ್ಳಿ, ಬೇಗ ಸಿಗುವಂತೆ ಟ್ರಂಕಿನಲ್ಲಿ ಎಲ್ಲದಕ್ಕಿಂತ ಮೇಲೆ ಇಡಿ.