ಪ್ಲಗ್ ಕೊಟ್ಟರೆ ಸಾಲದು: ಜೀಪ್ ಕಂಪಾಸ್‌ನ ಎರಡು ಮುಖ

ಜೀಪ್ ಕಂಪಾಸ್ ನಮ್ಮ ರಸ್ತೆಗಳಿಗೆ ಹೊಸದಲ್ಲ. ಅದರ ಎರಡನೇ ತಲೆಮಾರು 2017ರ ಜುಲೈ ಕೊನೆಗೆ ಭಾರತದ ಮಾರುಕಟ್ಟೆಗೆ ಬಂತು. ತಯಾರಾಗೋದು ಪುಣೆ ಹತ್ತಿರದ ರಾಂಜಣಗಾಂವ್‌ನಲ್ಲಿ. ಡೀಸೆಲ್ ಜೊತೆಗೆ 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಕೂಡ ಇತ್ತು. 2023ರಲ್ಲಿ ಹೊಗೆಯ ನಿಯಮ ಬಿಗಿಯಾದಾಗ ಪೆಟ್ರೋಲ್ ಕಂಪಾಸ್ ಇಲ್ಲಿಂದ ಮರೆಯಾಯಿತು.

ಇದೇ ಕಾರಿಗೆ ಯುರೋಪಿನಲ್ಲಿ ಇನ್ನೊಂದು ಮುಖ ಇತ್ತು. ಇಟಲಿಯ ಮೆಲ್ಫಿ ಕಾರ್ಖಾನೆಯಿಂದ 2020ರಲ್ಲಿ ಹೊರಬಂದ 'ಫೋರ್ ಬೈ ಇ' ಎಂಬ ಪ್ಲಗ್-ಇನ್ ಹೈಬ್ರಿಡ್. ಇದರ ರಚನೆ ನನಗೆ ಇಷ್ಟವಾಗುತ್ತೆ. 1.3 ಲೀಟರ್ ಪೆಟ್ರೋಲ್ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸಿದರೆ, ಹಿಂದಿನ ಚಕ್ರಗಳಿಗೆ ಬೇರೆಯದೇ ಎಲೆಕ್ಟ್ರಿಕ್ ಮೋಟಾರು. ನಡುವೆ ಉದ್ದನೆಯ ಶಾಫ್ಟ್ ಇಲ್ಲ. ಆ ಜಾಗದಲ್ಲಿ, ಹಿಂದಿನ ಸೀಟಿನ ಕೆಳಗೆ, ಬ್ಯಾಟರಿ ಕೂತಿದೆ. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳೋದಾದರೆ ಅದು ಹಿಡಿಯೋದು 11.4 ಯೂನಿಟ್. ಅಷ್ಟರಲ್ಲಿ ಹತ್ತಿರ ಹತ್ತಿರ 50 ಕಿಲೋಮೀಟರ್ ಪೆಟ್ರೋಲ್ ಮುಟ್ಟದೆ ಓಡಬಹುದು. ಮನೆಯ ಸಾಕೆಟ್ಟಿನಲ್ಲಿ ತುಂಬಲು ಸುಮಾರು ಐದು ಗಂಟೆ, ಗೋಡೆಗೆ ಹಾಕಿಸುವ ಚಾರ್ಜರ್ ಇದ್ದರೆ ಎರಡು ಗಂಟೆಯೂ ಬೇಡ.

ಇಷ್ಟೆಲ್ಲಾ ಸರಿ, ಆದರೆ ರಾತ್ರಿ ಪ್ಲಗ್ ಹಾಕುವವರು ಯಾರು?

ಹಾಕದಿದ್ದರೆ ಇದು ಬ್ಯಾಟರಿ, ಮೋಟಾರುಗಳ ಭಾರ ಹೊತ್ತ ಪೆಟ್ರೋಲ್ ಕಾರು, ಅಷ್ಟೇ. ಕಂಪನಿಯ ಕಾಗದದಲ್ಲಿ ಮಾತ್ರ ಕಿಲೋಮೀಟರಿಗೆ 50 ಗ್ರಾಂಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಉಗುಳುವ ಕಾರು. ಆ ಸಂಖ್ಯೆ ಹೇಗೆ ಬರುತ್ತೆ ನೋಡಿ: ಇಷ್ಟು ದೂರ ವಿದ್ಯುತ್ತಿನಲ್ಲಿ ಓಡಬಲ್ಲ ಕಾರಿನ ಮಾಲೀಕರು ಒಟ್ಟು ಓಡಾಟದ ಇಂತಿಷ್ಟು ಪಾಲನ್ನು ವಿದ್ಯುತ್ತಿನಲ್ಲೇ ಮಾಡ್ತಾರೆ ಅಂತ ಮೊದಲೇ ಊಹಿಸಿ ಗುಣಿಸಿಬಿಡ್ತಾರೆ. ಯುರೋಪಿನ ನಿಯಮದಲ್ಲಿ 50 ಗ್ರಾಂನೊಳಗಿನ ಕಾರು 'ಕಡಿಮೆ ಹೊಗೆ'ಯ ಸಾಲಿಗೆ ಸೇರಿ ತಯಾರಕರಿಗೆ ಅನುಕೂಲ ಮಾಡಿಕೊಡುತ್ತಿತ್ತು. ತೆರಿಗೆ ರಿಯಾಯಿತಿಗಾಗಿ ಸಂಸ್ಥೆಗಳು ಇಂಥ ಕಾರುಗಳನ್ನು ನೌಕರರಿಗೆ ಕೊಟ್ಟವು. ಪೆಟ್ರೋಲ್ ಕಾರ್ಡ್ ಆಫೀಸಿನದು, ಮನೆಯ ಕರೆಂಟ್ ಬಿಲ್ ತನ್ನದು ಅಂದಾಗ ನೌಕರ ಯಾವುದನ್ನು ಉಳಿಸ್ತಾನೆ? ಬೂಟಿನಲ್ಲಿ ಚಾರ್ಜಿಂಗ್ ಕೇಬಲ್ ಪ್ಯಾಕೆಟ್ ಒಡೆಯದೆ ಬಿದ್ದಿದ್ದ ಸುದ್ದಿ 2018ರಲ್ಲಿ ಬ್ರಿಟನ್ನಿನಿಂದ ಬಂತು.

2024ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ನಿಜವಾದ ಓಡಾಟದ ಲೆಕ್ಕ ಹೊರಗಿಟ್ಟಿತು. ಪ್ಲಗ್-ಇನ್ ಕಾರುಗಳ ಹೊಗೆ ಕಾಗದದ ಸಂಖ್ಯೆಗಿಂತ ಸರಾಸರಿ ಮೂರೂವರೆ ಪಟ್ಟು! ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಆ ವ್ಯತ್ಯಾಸ ಸುಮಾರು 20%. ಇದು ಕಂಪಾಸ್ ಒಂದರ ಲೆಕ್ಕವಲ್ಲ, ಇಡೀ ಜಾತಿಯದು. ಅಲ್ಲಿಂದೀಚೆಗೆ, 2025ರಿಂದ, ಆ ಊಹೆಯ ಗುಣಕವನ್ನು ಹಂತಹಂತವಾಗಿ ಬಿಗಿ ಮಾಡ್ತಿದ್ದಾರೆ.

ಹಾಗಂತ ತಂತ್ರಜ್ಞಾನವೇ ಮೋಸ ಅಂತ ನಾನು ಹೇಳಲ್ಲ. ಸ್ವಂತ ಮನೆ, ಪಕ್ಕದಲ್ಲೇ ಸಾಕೆಟ್, ದಿನಕ್ಕೆ 30 ಕಿಲೋಮೀಟರ್ ಓಡಾಟ, ವರ್ಷಕ್ಕೆರಡು ಸಲ ದೂರದ ಊರು: ಇಂಥವರಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಕಡಿಮೆ. ಮೂರನೇ ಮಹಡಿಯ ಬಾಡಿಗೆ ಮನೆಯವರು ಪೆಟ್ರೋಲ್ ಮಾದರಿ ತಗೊಳ್ಳೋದೇ ಪ್ರಾಮಾಣಿಕ.

ಭಾರತದ ತಪ್ಪು ಇದಕ್ಕೆ ಉಲ್ಟಾ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಲ್ಲಿ ಪೂರ್ಣ ವಿದ್ಯುತ್ ಕಾರಿಗೆ 5% ಉಳಿಯಿತು. ನಾಲ್ಕು ಮೀಟರ್ ಮೀರಿದ ಹೈಬ್ರಿಡ್‌ಗೆ, ಪ್ಲಗ್ ಇರಲಿ ಬಿಡಲಿ, ಪೆಟ್ರೋಲ್ ಎಸ್‌ಯುವಿಯಂತೆಯೇ 40%. ಕಂಪಾಸ್ 4.4 ಮೀಟರ್ ಉದ್ದ. ಅಲ್ಲಿ ಪ್ಲಗ್ ಕಂಡೊಡನೆ ಬಹುಮಾನ, ಇಲ್ಲಿ ಪ್ಲಗ್ ಕಣ್ಣಿಗೇ ಬೀಳಲ್ಲ. ಎಷ್ಟು ಕಿಲೋಮೀಟರ್ ವಿದ್ಯುತ್ತಿನಲ್ಲಿ ಓಡಿತು ಅಂತ ಎರಡೂ ಕಡೆ ಕೇಳಿಲ್ಲ.

ಕೇಳಬಹುದು, ಕಷ್ಟವಲ್ಲ. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳಲ್ಲೇ ಇಂಧನ ಬಳಕೆ ದಾಖಲಿಸುವ ಮೀಟರ್ ಕಡ್ಡಾಯ. ಕಮಿಷನ್‌ನ ಮೂರೂವರೆ ಪಟ್ಟಿನ ಲೆಕ್ಕ ಬಂದಿದ್ದೂ ಅದರಿಂದಲೇ. ನಾಳೆ ಕಂಪನಿಗಳು ಪ್ಲಗ್-ಇನ್‌ಗೆ ತೆರಿಗೆ ಇಳಿಸಿ ಅಂತ ದೆಹಲಿಗೆ ಬಂದರೆ, ಇಳಿಸಬಾರದು ಅನ್ನಲ್ಲ ನಾನು. ಕಾರು ಮಾರುವ ದಿನವೇ ಪೂರ್ತಿ ಕೊಡದೆ, ಆ ಮೀಟರ್ ನೋಡಿ ವರ್ಷವರ್ಷ ಕೊಡಲಿ.